ಮೊಬೈಲ್ ಆಪುಗಳ ಲಾಗಿನ್ ವ್ಯವಸ್ಥೆ: ಬೀಗದ ಕೈ ಯಾರಲ್ಲಿರತಕ್ಕದ್ದು?

ಉಗ್ರಾಣವು ಎಷ್ಟೇ ಭದ್ರವಾಗಿದ್ದರೂ ಅದರ ಬೀಗದ ಕೈ ಹತ್ತು ಜನರ ಕೈಯಲ್ಲಿ ಓಡಾಡುತ್ತಿದ್ದರೆ ಅಲ್ಲಿ ಕಾಳು ನಿಲ್ಲಲಾರದೆಂಬುದನ್ನು ಒಕ್ಕಲುತನ ಮಾಡತಕ್ಕ ಯಾರಿಗೂ ಹೇಳಿಕೊಡಬೇಕಾದುದಿಲ್ಲ. ಮನೆಯ ಯಜಮಾನನು ಬೀಗದ ಕೈಯನ್ನು ಉಡಿಯಲ್ಲಿ ಕಟ್ಟಿಕೊಂಡು ಮಲಗುವುದು ಇದೇ ಕಾರಣದಿಂದ. ಆದರೆ ಇದೇ ಯಜಮಾನನು ತನ್ನ ಜಮೀನಿನ ಲೆಕ್ಕ, ಬೆಳೆಯ ಲೆಕ್ಕ, ಬ್ಯಾಂಕಿನ ಖಾತೆ ಇವುಗಳೆಲ್ಲವನ್ನೂ ಒಳಗೊಂಡ ಮೊಬೈಲ್ ಆಪಿನ ಬೀಗದ ಕೈಯನ್ನು, ಎಂದರೆ ಗುಪ್ತ ಸಂಖ್ಯೆಯನ್ನು, ಕೇಳಿದವರಿಗೆಲ್ಲ ಕೂಗಿ ಹೇಳುವುದುಂಟು. ಹೀಗಾಗುವುದಕ್ಕೆ ರೈತನ ಅಜಾಗರೂಕತೆಯೊಂದೇ ಕಾರಣವಲ್ಲ. ಬಾಗಿಲನ್ನು ಕಟ್ಟಿದವರು ಅವನ ಕೈಗೆ ಎಟುಕುವಂತೆ ಕಟ್ಟದೆ ಇರುವುದೂ, ಊರಿನ ಹಿರಿಯರು ಸಹಾಯವೆಂಬ ಸದುದ್ದೇಶದಿಂದಲೇ ಇತರರ ಬೀಗದ ಕೈಗಳನ್ನು ತಮ್ಮಲ್ಲಿ ಇರಿಸಿಕೊಳ್ಳುವುದೂ ಅಷ್ಟೇ ಮಟ್ಟಿಗೆ ಕಾರಣಗಳು. ಈ ಮೂರನ್ನೂ ಕುರಿತು ಗ್ರಾಮದ ಮುಖಂಡರೂ ಭೂಮಾಲಿಕರೂ ಆಲೋಚಿಸಬೇಕಾದ ಕಾಲವು ಬಂದಿದೆ.

ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳಲ್ಲಿ ವ್ಯವಸಾಯಕ್ಕೆ ಸಂಬಂಧಪಟ್ಟ ಸರ್ಕಾರಿ ವ್ಯವಹಾರಗಳ ಪೈಕಿ ಹೆಚ್ಚಿನವು ಈಗ ಗಣಕಯಂತ್ರದ ಮೂಲಕವೇ ಸಾಗುತ್ತವೆ. ರೈತನ ಹೆಸರು, ಆಧಾರ್, ಸರ್ವೆ ನಂಬರು, ಬ್ಯಾಂಕಿನ ಖಾತೆ ಇವೆಲ್ಲವೂ ಫ್ರೂಟ್ಸ್ ಎಂಬ ರಾಜ್ಯದ ದಾಖಲೆಯಲ್ಲಿ ಒಂದೇ ಗುರುತಿನ ಸಂಖ್ಯೆಯ ಕೆಳಗೆ ಸೇರಿವೆ. ೨೦೨೦ನೆಯ ಮುಂಗಾರಿನಿಂದ ರೈತರೇ ತಮ್ಮ ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ಬೆಳೆ ಸಮೀಕ್ಷೆಯ ಆಪಿಗೆ ಕಳುಹಿಸಲು ಅವಕಾಶವಾಯಿತು. ಬೆಂಬಲ ಬೆಲೆಯಲ್ಲಿ ಜೋಳವನ್ನೋ ಭತ್ತವನ್ನೋ ಮಾರಬೇಕಾದರೆ ಫ್ರೂಟ್ಸ್ ಸಂಖ್ಯೆ ಬೇಕು. ಹತ್ತಿಯನ್ನು ಭಾರತೀಯ ಹತ್ತಿ ನಿಗಮಕ್ಕೆ ಮಾರತಕ್ಕವರಿಗಾಗಿ ೨೦೨೫ರಲ್ಲಿ ಕಪಾಸ್ ಕಿಸಾನ್ ಎಂಬ ಆಪು ಬಂದಿದೆ. ೨೦೨೩ರ ಬರಗಾಲದ ಸಂಬಂಧವಾಗಿ ರಾಜ್ಯ ಸರ್ಕಾರದವರು ಮೊದಲ ಕಂತೆಂದು ೨,೦೦೦ ರೂಪಾಯಿಗಳವರೆಗಿನ ಪರಿಹಾರವನ್ನು ರೈತರ ಖಾತೆಗಳಿಗೆ ಹಾಕಿದ್ದು ಫ್ರೂಟ್ಸ್ ದಾಖಲೆಯನ್ನು ಆಧರಿಸಿಯೇ. ಆದುದರಿಂದ ಈ ಬಾಗಿಲುಗಳನ್ನು ಯಾರು ತೆರೆಯುತ್ತಾರೆ, ತೆರೆದು ಏನು ಬರೆಯುತ್ತಾರೆ ಎಂಬುದು ಮಳೆ ಬೆಳೆಗಳಷ್ಟೇ ಮುಖ್ಯವಾದ ಸಂಗತಿಯಾಗಿದೆ.

ಬಾಗಿಲು ಕೇಳುವ ಮೂರು ಪ್ರಶ್ನೆಗಳು

ಲಾಗಿನ್ ಎಂದರೆ ಪ್ರವೇಶ. ಪ್ರವೇಶದ ಬಾಗಿಲು ಸರಿಯಾಗಿದ್ದರೆ ಅದು ಮೂರು ಪ್ರಶ್ನೆಗಳನ್ನು ಕೇಳುತ್ತದೆ. ಬಂದಿರುವವನು ಯಾರು ಎಂಬುದು ಮೊದಲನೆಯದು. ಇದಕ್ಕೆ ದೃಢೀಕರಣವೆಂದು ಹೆಸರು. ಅವನು ಒಳಗೆ ಏನೇನು ಮಾಡಬಹುದು ಎಂಬುದು ಎರಡನೆಯದು. ಇದು ಅಧಿಕಾರದ ಪ್ರಶ್ನೆ. ಅವನು ಯಾವಾಗ ಏನು ಮಾಡಿದನು ಎಂಬುದು ಮೂರನೆಯದು. ಇದು ದಾಖಲೆಯ ಪ್ರಶ್ನೆ. ಮಾರುಕಟ್ಟೆಯ ಪ್ರಾಂಗಣದ ಕಾವಲುಗಾರನು ಗಾಡಿಯವನ ಹೆಸರು ಕೇಳುವುದು, ಅವನನ್ನು ತೂಕದ ಕಟ್ಟೆಗೆ ಬಿಟ್ಟು ಕಚೇರಿಯ ತಿಜೋರಿಗೆ ಬಿಡದಿರುವುದು, ಬಂದ ಹೊತ್ತನ್ನು ಪುಸ್ತಕದಲ್ಲಿ ಬರೆಯುವುದು, ಈ ಮೂರು ಕೆಲಸಗಳೇ ಇವು. ಇವುಗಳಲ್ಲಿ ಒಂದು ತಪ್ಪಿದರೆ ಮಿಕ್ಕ ಎರಡರಿಂದ ಪ್ರಯೋಜನವಿಲ್ಲ. ಹೆಸರು ಕೇಳಿ ಒಳಗೆ ಬಿಟ್ಟ ಮೇಲೆ ಎಲ್ಲ ಕೋಣೆಗಳೂ ತೆರೆದೇ ಇದ್ದರೆ ಹೆಸರು ಕೇಳಿದ್ದರಿಂದ ಬಂದ ಲಾಭವೇನು?

ವ್ಯಕ್ತಿಯನ್ನು ಗುರುತಿಸುವುದಕ್ಕೂ ಮೂರು ಬಗೆಯ ಸಾಧನಗಳುಂಟು: ಅವನಿಗೆ ಮಾತ್ರ ತಿಳಿದಿರುವುದು, ಎಂದರೆ ಗುಪ್ತ ಪದ ಅಥವಾ ಪಾಸ್‌ವರ್ಡ್, ಅವನ ಬಳಿಯಲ್ಲಿ ಮಾತ್ರ ಇರುವುದು, ಎಂದರೆ ಅವನ ಫೋನೂ ಅದಕ್ಕೆ ಬರುವ ಒ.ಟಿ.ಪಿ.ಯೂ, ಅವನ ದೇಹದಲ್ಲಿಯೇ ಇರುವುದು, ಎಂದರೆ ಬೆರಳಚ್ಚು, ಕಣ್ಣಿನ ಪಾಪೆ, ಮುಖಚಹರೆ. ಇವುಗಳಲ್ಲಿ ಯಾವುದೊಂದೂ ತಾನೊಂದೇ ಪರಿಪೂರ್ಣವಾದುದಲ್ಲ. ಗುಪ್ತ ಪದವು ಮರೆತುಹೋಗುತ್ತದೆ, ಫೋನು ಕಳೆದುಹೋಗುತ್ತದೆ, ಬೆರಳು ಸವೆದುಹೋಗುತ್ತದೆ.

ಹಿಂದಿನಿಂದ ಬಂದ ಪಾಠ

ಹೆಬ್ಬೆಟ್ಟು ನಮ್ಮ ಜನರಿಗೆ ಹೊಸದಲ್ಲ. ೧೮೫೮ರಲ್ಲಿ ಬಂಗಾಲದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ ಎಂಬವರು ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈ ಗುರುತನ್ನು ಕರಾರಿನ ಮೇಲೆ ಒತ್ತಿಸಿಕೊಂಡರು. ೧೮೭೭ರಲ್ಲಿ ಹೂಗ್ಲಿಯಲ್ಲಿ ಅವರೇ ಪಿಂಚಣಿಗೂ ದಸ್ತಾವೇಜುಗಳಿಗೂ ಬೆರಳಚ್ಚನ್ನು ಬಳಕೆಗೆ ತಂದರು. ಒಬ್ಬನ ಹಣವನ್ನು ಮತ್ತೊಬ್ಬನು ತೆಗೆದುಕೊಳ್ಳಬಾರದೆಂಬುದೇ ಅಂದಿನ ಉದ್ದೇಶ, ಇಂದಿನದೂ ಅದೇ. ಗಣಕಯಂತ್ರಗಳಲ್ಲಿ ಗುಪ್ತ ಪದವು ಬಂದುದು ೧೯೬೦ರ ದಶಕದ ಆರಂಭದಲ್ಲಿ, ಅಮೇರಿಕದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ. ಅಲ್ಲಿ ೧೯೬೨ರಲ್ಲಿ ಆಲನ್ ಶೆರ್ ಎಂಬ ವಿದ್ಯಾರ್ಥಿಯು ಯಂತ್ರದ ಮೇಲೆ ಹೆಚ್ಚು ಹೊತ್ತು ಕೆಲಸ ಮಾಡುವ ಆಸೆಯಿಂದ ಎಲ್ಲರ ಗುಪ್ತ ಪದಗಳಿದ್ದ ಕಡತವನ್ನೇ ಮುದ್ರಿಸಿಕೊಂಡನು. ಎಲ್ಲರ ಬೀಗದ ಕೈಗಳನ್ನೂ ಒಂದೇ ಗೂಟಕ್ಕೆ ತೂಗುಹಾಕಿದರೆ ಆಗುವುದು ಇದೇ.

ಕರ್ನಾಟಕದಲ್ಲಿ ಈ ವಿಷಯದ ದೊಡ್ಡ ಉದಾಹರಣೆಯು ಭೂಮಿ ಯೋಜನೆ. ೨೦೦೦ದಿಂದೀಚೆಗೆ ಸುಮಾರು ೬೭ ಲಕ್ಷ ರೈತರ ಸುಮಾರು ೨ ಕೋಟಿ ಪಹಣಿಗಳನ್ನು ಗಣಕೀಕರಿಸಿ, ಕೈಬರಹದ ಪಹಣಿಗಳನ್ನು ನಿಲ್ಲಿಸಲಾಯಿತು. ಆ ಯೋಜನೆಯಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಪಹಣಿಯಲ್ಲಿ ಬದಲಾವಣೆ ಮಾಡತಕ್ಕ ನೌಕರನು ಗುಪ್ತ ಪದದಿಂದ ಮಾತ್ರ ಒಳಗೆ ಹೋಗುವಂತಿರಲಿಲ್ಲ, ಬೆರಳಚ್ಚನ್ನೂ ಕೊಡಬೇಕಾಗಿತ್ತು. ಯಾವ ಬದಲಾವಣೆಯನ್ನು ಯಾರು ಮಾಡಿದರೆಂಬುದು ದಾಖಲೆಯಾಗುತ್ತಿತ್ತು. ನನ್ನ ಗುಪ್ತ ಪದವನ್ನು ಬೇರೆಯವರು ಉಪಯೋಗಿಸಿದರು ಎಂಬ ನೆಪಕ್ಕೆ ಇದರಿಂದ ಎಡೆ ತಪ್ಪಿತು. ಇಪ್ಪತ್ತೈದು ವರ್ಷಗಳ ಹಿಂದೆಯೇ ಸರ್ಕಾರದವರು ತಮ್ಮ ನೌಕರರ ವಿಷಯದಲ್ಲಿ ಪಾಲಿಸಿದ ಈ ನಿಯಮವನ್ನು ಗ್ರಾಮದ ಸಹಕಾರ ಸಂಘಗಳು ತಮ್ಮ ಆಪುಗಳ ವಿಷಯದಲ್ಲಿಯೂ ಪಾಲಿಸಬೇಕೆಂದು ಹೇಳುವುದರಲ್ಲಿ ಅತಿಶಯವೇನೂ ಇಲ್ಲ.

ಒಬ್ಬರ ಫೋನು, ಊರೆಲ್ಲರ ಬಾಗಿಲು

ಗ್ರಾಮಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಪದ್ಧತಿಯೊಂದುಂಟು. ಸ್ಮಾರ್ಟ್‌ಫೋನು ಬಲ್ಲ ಒಬ್ಬ ತರುಣನೋ, ಗೊಬ್ಬರದ ಅಂಗಡಿಯವನೋ, ಊರಿನ ಪ್ರಮುಖರೊಬ್ಬರ ಲೆಕ್ಕದವನೋ ಹತ್ತಾರು ರೈತರ ಹೆಸರುಗಳನ್ನು ತನ್ನ ಒಂದೇ ಮೊಬೈಲ್ ಸಂಖ್ಯೆಗೆ ಜೋಡಿಸಿಬಿಡುತ್ತಾನೆ. ಒ.ಟಿ.ಪಿ.ಗಳೆಲ್ಲವೂ ಅವನಲ್ಲಿಗೇ ಬರುತ್ತವೆ. ರೈತನಿಗೆ ಓಡಾಟ ತಪ್ಪಿತು, ಕೆಲಸವಾಯಿತು ಎಂದು ಎಲ್ಲರಿಗೂ ಸಮಾಧಾನ. ಅವನು ಪ್ರಾಮಾಣಿಕನೇ ಆಗಿದ್ದರೂ ಈ ಪದ್ಧತಿಯಲ್ಲಿ ದೋಷವುಂಟು. ಹೇಗೆಂದರೆ, ದಾಖಲೆಯಲ್ಲಿ ರೈತನು ತಾನೇ ಬಂದು ತಾನೇ ಒಪ್ಪಿಕೊಂಡನೆಂದು ಬರೆದುಹೋಗಿರುತ್ತದೆ. ನಿಜವಾಗಿ ಅವನಿಗೆ ವಿಷಯವೇ ತಿಳಿದಿರುವುದಿಲ್ಲ. ಒ.ಟಿ.ಪಿ. ಎಂಬುದು ಆರು ಅಂಕಿಗಳ ಸಂದೇಶ ಮಾತ್ರವಲ್ಲ. ಅದು ರೈತನ ರುಜು. ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಕೊಟ್ಟ ಸಾಲಗಾರರ ಕಥೆಗಳನ್ನು ಹಿರಿಯರು ಕೇಳಿಯೇ ಇದ್ದಾರೆ. ಒ.ಟಿ.ಪಿ.ಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು ಅದೇ ಕಥೆಯ ಹೊಸ ಅಧ್ಯಾಯ.

ಇದರಿಂದ ಒದಗಬಹುದಾದ ನಷ್ಟವು ಹೀಗಿದೆ ಎಂದು ಭಾವಿಸಬಹುದು. ಕಾಲುವೆಯ ಕೊನೆಯಂಚಿನ ಒಬ್ಬ ರೈತನು ನೀರು ಸಾಲದೆಂದು ಭತ್ತವನ್ನು ಬಿಟ್ಟು ಜೋಳ ಹಾಕಿದ್ದಾನೆ. ಅವನ ಪರವಾಗಿ ಬೇರೊಬ್ಬನು ಅವಸರದಲ್ಲಿ ನೆರೆಹೊಲಗಳಂತೆಯೇ ಭತ್ತವೆಂದು ಬೆಳೆ ಸಮೀಕ್ಷೆಯಲ್ಲಿ ನಮೂದಿಸುತ್ತಾನೆ. ಮುಂದೆ ಬೆಳೆ ವಿಮೆಯ ಅರ್ಜಿಯಲ್ಲಿ ಜೋಳವೆಂದಿದ್ದು ಸಮೀಕ್ಷೆಯಲ್ಲಿ ಭತ್ತವೆಂದಿದ್ದರೆ ಎರಡಕ್ಕೂ ತಾಳೆಯಾಗುವುದಿಲ್ಲ. ಖರೀದಿ ಕೇಂದ್ರದಲ್ಲಿಯೂ ತೊಡಕು. ತಪ್ಪನ್ನು ಯಾರು ಮಾಡಿದರೆಂದು ವಿಚಾರಿಸಿದರೆ ದಾಖಲೆಯು ರೈತನ ಹೆಸರನ್ನೇ ಹೇಳುತ್ತದೆ. ಬೆಳೆ ದರ್ಶಕ ಎಂಬ ಆಪಿನಲ್ಲಿ ತನ್ನ ಹೊಲಕ್ಕೆ ಏನು ಬರೆಯಲ್ಪಟ್ಟಿದೆ ಎಂಬುದನ್ನು ನೋಡಿ ಆಕ್ಷೇಪಣೆ ಸಲ್ಲಿಸುವ ಅವಕಾಶವುಂಟು. ಆದರೆ ತನ್ನ ಹೆಸರಿನಲ್ಲಿ ಏನೋ ಬರೆಯಲ್ಪಟ್ಟಿದೆಯೆಂಬುದೇ ತಿಳಿಯದವನು ಆಕ್ಷೇಪಣೆ ಮಾಡುವುದಾದರೂ ಹೇಗೆ?

ಮತ್ತೊಂದು ಸೂಕ್ಷ್ಮವಾದ ಸಂಗತಿಯುಂಟು. ಬಳಕೆಯಿಲ್ಲದೆ ರದ್ದಾದ ಮೊಬೈಲ್ ಸಂಖ್ಯೆಯನ್ನು ೯೦ ದಿವಸಗಳು ಕಳೆದ ಮೇಲೆ ಕಂಪನಿಯವರು ಬೇರೊಬ್ಬರಿಗೆ ಕೊಡಬಹುದು. ಸಿಮ್ ಬದಲಾಯಿಸಿದ ರೈತನು ಆಧಾರ್, ಬ್ಯಾಂಕು, ಫ್ರೂಟ್ಸ್ ಇವುಗಳಲ್ಲಿ ಹಳೆಯ ಸಂಖ್ಯೆಯನ್ನೇ ಉಳಿಸಿಕೊಂಡಿದ್ದರೆ ಅವನ ಒ.ಟಿ.ಪಿ. ಯಾವನೋ ಅಪರಿಚಿತನ ಜೇಬಿನಲ್ಲಿ ಗಂಟೆ ಬಾರಿಸುತ್ತದೆ. ಸಂಖ್ಯೆ ಬದಲಾದರೆ ಮೊದಲು ಮಾಡತಕ್ಕ ಕೆಲಸವೆಂದರೆ ಈ ಮೂರು ಕಡೆಗಳಲ್ಲಿಯೂ ಅದನ್ನು ತಿದ್ದಿಸುವುದು.

ಒಂದೇ ಸರಪಳಿಯ ಅಪಾಯ

೨೦೨೪ನೆಯ ಆಗಸ್ಟ್ ೧೦ನೆಯ ತಾರೀಖಿನ ರಾತ್ರಿ ತುಂಗಭದ್ರಾ ಜಲಾಶಯದ ೩೩ ಕ್ರೆಸ್ಟ್ ಗೇಟುಗಳ ಪೈಕಿ ೧೯ನೆಯದರ ಸರಪಳಿಯು ತುಂಡಾಗಿ ಆ ಗೇಟು ಕೊಚ್ಚಿಹೋದುದು ಈ ಸೀಮೆಯ ಯಾರಿಗೂ ಮರೆತಿಲ್ಲ. ಉಳಿದ ೩೨ ಗೇಟುಗಳು ನೆಟ್ಟಗೇ ಇದ್ದವು. ಆದರೂ ಮುಂಗಾರಿನಲ್ಲಿ ತುಂಬಿಕೊಂಡಿದ್ದ ನೀರು ಹೊಳೆಗೆ ಹರಿದುಹೋಯಿತು. ಸ್ಟಾಪ್‌ಲಾಗ್ ಎಂಬ ಉಕ್ಕಿನ ಹಲಗೆಗಳನ್ನು ತಯಾರಿಸಿ ತಂದು ಇಳಿಸುವವರೆಗೆ ರೈತರು ಸುಮಾರು ಒಂದು ವಾರ ಆತಂಕದಿಂದಿದ್ದರು. ಲಾಗಿನ್ ವ್ಯವಸ್ಥೆಗೂ ಇದೇ ನ್ಯಾಯವು ಅನ್ವಯಿಸುತ್ತದೆ. ಒಂದೇ ಗುಪ್ತ ಪದವೆಂಬ ಒಂದೇ ಸರಪಳಿಯ ಮೇಲೆ ಸಂಘದ ಎಲ್ಲ ಸದಸ್ಯರ ಲೆಕ್ಕವೂ ನೇತಾಡುತ್ತಿದ್ದರೆ ಆ ಸರಪಳಿ ತುಂಡಾದ ದಿವಸ ಎಲ್ಲವೂ ಹೋಯಿತೆಂದೇ ತಿಳಿಯಬೇಕು. ಮೊದಲನೆಯ ತಡೆಯು ಮುರಿದರೆ ಹಿಂದೆ ಎರಡನೆಯದೊಂದು ಇರತಕ್ಕದ್ದು. ಅದನ್ನು ಮುರಿದ ಮೇಲೆ ತಯಾರಿಸದೆ ಮೊದಲೇ ತಯಾರಿಟ್ಟಿರತಕ್ಕದ್ದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಿಂದ ಫಲವಿಲ್ಲ.

ಬೆರಳಚ್ಚೊಂದನ್ನೇ ನಂಬುವವರಿಗೂ ಎಚ್ಚರಿಕೆ ಬೇಕು. ೨೦೨೩ರಲ್ಲಿ ಕರ್ನಾಟಕದಲ್ಲಿಯೇ ನೋಂದಾಯಿತ ದಸ್ತಾವೇಜುಗಳ ಪ್ರತಿಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಿಂದ ಜನರ ಖಾತೆಗಳಲ್ಲಿನ ಹಣವನ್ನು ಕದ್ದ ಪ್ರಕರಣಗಳು ಪೊಲೀಸರಲ್ಲಿ ದಾಖಲಾದವು. ಗುಪ್ತ ಪದವನ್ನು ಬದಲಾಯಿಸಬಹುದು, ಹೆಬ್ಬೆರಳನ್ನು ಬದಲಾಯಿಸಲಾಗದು. ಜಮೀನಿನ ಕ್ರಯಪತ್ರಗಳಲ್ಲಿ ತಮ್ಮ ಬೆರಳಚ್ಚು ಇರತಕ್ಕ ಭೂಮಾಲಿಕರು ಆಧಾರ್ ಪ್ರಾಧಿಕಾರದವರ ಆಪಿನಲ್ಲಿ ದೊರೆಯುವ ಬಯೋಮೆಟ್ರಿಕ್ ಬೀಗವನ್ನು ಹಾಕಿಟ್ಟು, ಬೇಕಾದಾಗ ಮಾತ್ರ ತೆಗೆಯುವುದು ಕ್ಷೇಮಕರವಾದುದು.

ಸಂಘಗಳು ಸ್ವಂತ ಆಪು ಮಾಡಿಸುವಾಗ

ಈಚೆಗೆ ರೈತ ಉತ್ಪಾದಕ ಕಂಪನಿಗಳೂ ಸಹಕಾರ ಸಂಘಗಳೂ ನೀರು ಬಳಕೆದಾರರ ಸಂಘಗಳೂ ಸ್ವಂತ ಆಪನ್ನೋ ಜಾಲತಾಣವನ್ನೋ ಮಾಡಿಸಿಕೊಳ್ಳಲು ಅವಕಾಶಗಳಿವೆ. ಆಪು ಮಾಡಿಕೊಡತಕ್ಕವರು ಬಣ್ಣ, ಚಿತ್ರ, ವೇಗ ಇವುಗಳ ವಿಷಯವನ್ನು ಬಹಳವಾಗಿ ಹೇಳುತ್ತಾರೆ. ಆಡಳಿತ ಮಂಡಳಿಯವರು ಮೊದಲು ಕೇಳತಕ್ಕದ್ದು ಬಾಗಿಲಿನ ವಿಷಯವನ್ನು. ಅದಕ್ಕೆ ಗಣಕವಿದ್ಯೆ ಬೇಕಾಗಿಲ್ಲ; ಕೆಳಗಿನ ಪ್ರಶ್ನೆಗಳು ಸಾಕು.

ಮೊದಲನೆಯದಾಗಿ, ಸದಸ್ಯರ ಗುಪ್ತ ಪದಗಳನ್ನು ಯಾವ ರೂಪದಲ್ಲಿ ಕಾಪಾಡುತ್ತೀರಿ ಎಂದು ಕೇಳಬೇಕು. ಇದ್ದಂತೆಯೇ ಇಡುತ್ತೇವೆ ಎಂದರೆ ಅಂಥವರಿಗೆ ಕೆಲಸ ಕೊಡಕೂಡದು. ಜೋಳವನ್ನು ಬೀಸಿದ ಮೇಲೆ ಹಿಟ್ಟಿನಿಂದ ಕಾಳು ಮರಳಿ ಬಾರದು. ಹಾಗೆಯೇ ಗುಪ್ತ ಪದವನ್ನು ಗಣಿತದ ಬೀಸುಕಲ್ಲಿನಲ್ಲಿ ಬೀಸಿ ಹಿಟ್ಟನ್ನು ಮಾತ್ರ ಇಡುವ ಕ್ರಮವುಂಟು. ಇದಕ್ಕೆ ಹ್ಯಾಷ್ ಎನ್ನುತ್ತಾರೆ. ಸದಸ್ಯನು ಮತ್ತೆ ಬಂದಾಗ ಅವನು ಹೇಳಿದ ಪದವನ್ನು ಪುನಃ ಬೀಸಿ ಎರಡು ಹಿಟ್ಟುಗಳನ್ನು ಹೋಲಿಸಿ ನೋಡುತ್ತಾರೆ. ಇಬ್ಬರು ಒಂದೇ ಪದವನ್ನು ಇಟ್ಟುಕೊಂಡಿದ್ದರೂ ಹಿಟ್ಟು ಬೇರೆಯಾಗಿ ಕಾಣುವಂತೆ ಒಬ್ಬೊಬ್ಬರದಕ್ಕೂ ಬೇರೆ ಬೇರೆ ಉಪ್ಪನ್ನು ಬೆರೆಸುತ್ತಾರೆ. ಆ ವಿದ್ಯೆಯವರು ಇದನ್ನು ಸಾಲ್ಟ್ ಎಂದೇ ಕರೆಯುತ್ತಾರೆ. ೧೯೯೯ರ ಬಿಕ್ರಿಪ್ಟ್, ೨೦೧೫ರಲ್ಲಿ ಸ್ಪರ್ಧೆಯೊಂದರಲ್ಲಿ ಗೆದ್ದ ಆರ್ಗಾನ್-೨, ಇಂಥ ಹೆಸರಾದ ಬೀಸುಕಲ್ಲುಗಳಿವೆ. ಸದಸ್ಯನು ಗುಪ್ತ ಪದವನ್ನು ಮರೆತಾಗ ಹಳೆಯದನ್ನೇ ಸಂದೇಶದಲ್ಲಿ ಕಳುಹಿಸಿಕೊಡುವ ಆಪು ಕಾಳನ್ನು ಕಾಳಾಗಿಯೇ ಇಟ್ಟಿದೆ ಎಂದು ತಿಳಿಯಬೇಕು.

ಎರಡನೆಯದಾಗಿ, ಗುಪ್ತ ಪದದ ನಿಯಮವೇನೆಂದು ಕೇಳಬೇಕು. ತಿಂಗಳಿಗೊಮ್ಮೆ ಬದಲಾಯಿಸಿರಿ, ಚಿಹ್ನೆಗಳನ್ನು ಸೇರಿಸಿರಿ ಎಂದು ಪೀಡಿಸಿದರೆ ಜನರು ಅದನ್ನು ಗೋಡೆಯ ಮೇಲೆ ಬರೆದಿಡುತ್ತಾರೆ. ಅಮೇರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯವರು ೨೦೧೭ರಲ್ಲಿಯೇ ಕಾರಣವಿಲ್ಲದೆ ಆಗಾಗ್ಗೆ ಬದಲಾಯಿಸುವ ನಿಯಮವು ಬೇಡವೆಂದು ಸೂಚಿಸಿದ್ದಾರೆ. ಪದವು ಉದ್ದವಾಗಿರುವುದು ಮುಖ್ಯ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಮಾತುಗಳನ್ನು ಜೋಡಿಸಿದರೆ ರೈತನಿಗೆ ನೆನಪಿರುತ್ತದೆ, ಕಳ್ಳನಿಗೆ ಊಹಿಸಲು ಕಷ್ಟ. ಆಪು ಕನ್ನಡ ಅಕ್ಷರಗಳನ್ನು ಒಪ್ಪುವಂತಿರಬೇಕು.

ಮೂರನೆಯದಾಗಿ, ತಪ್ಪು ಯತ್ನಗಳಿಗೆ ಮಿತಿಯಿದೆಯೇ ಎಂದು ಕೇಳಬೇಕು. ಆರು ಅಂಕಿಗಳ ಒ.ಟಿ.ಪಿ.ಯಲ್ಲಿ ಹತ್ತು ಲಕ್ಷ ಸಾಧ್ಯತೆಗಳಿವೆ. ಮನುಷ್ಯನಿಗೆ ಇದು ದೊಡ್ಡ ಸಂಖ್ಯೆ, ಯಂತ್ರಕ್ಕೆ ಅಲ್ಲ. ಕೆಲವು ಸಲ ತಪ್ಪಿದೊಡನೆಯೇ ಬಾಗಿಲು ಸ್ವಲ್ಪ ಹೊತ್ತು ಮುಚ್ಚಿಕೊಳ್ಳಬೇಕು, ಒ.ಟಿ.ಪಿ.ಯು ಕೆಲವೇ ನಿಮಿಷಗಳಲ್ಲಿ ನಿರರ್ಥಕವಾಗಬೇಕು. ಒಮ್ಮೆ ಬಳಸಿದ್ದು ಮತ್ತೆ ಸಲ್ಲಬಾರದು. ಒಳಗೆ ಹೋದವನಿಗೆ ಆಪು ಗುಟ್ಟಾಗಿ ಕೊಡುವ ಪ್ರವೇಶದ ಚೀಟಿಗೂ, ಟೋಕನ್ ಎಂಬುದಕ್ಕೂ, ಅವಧಿಯಿರಬೇಕು. ಫೋನು ಕಳೆದುಹೋದರೆ ಕಚೇರಿಯಿಂದಲೇ ಆ ಚೀಟಿಯನ್ನು ರದ್ದುಪಡಿಸುವಂತಿರಬೇಕು.

ನಾಲ್ಕನೆಯದಾಗಿ, ಯಾರಿಗೆ ಎಷ್ಟು ಅಧಿಕಾರವೆಂದು ಬರೆದುಕೊಡುವಂತೆ ಹೇಳಬೇಕು. ಸದಸ್ಯನು ತನ್ನ ಲೆಕ್ಕವನ್ನು ಮಾತ್ರ ನೋಡಬೇಕು. ಗುಮಾಸ್ತನು ಬರೆಯಬಹುದು, ಆದರೆ ಮಂಜೂರು ಮಾಡಕೂಡದು. ಕಾರ್ಯದರ್ಶಿಯು ಮಂಜೂರು ಮಾಡಬಹುದು, ಆದರೆ ಹಳೆಯ ದಾಖಲೆಯನ್ನು ಅಳಿಸಕೂಡದು. ಅಧ್ಯಕ್ಷರೆಂಬ ಕಾರಣಕ್ಕಾಗಿ ಎಲ್ಲ ಬಾಗಿಲುಗಳ ಕೈಯೂ ಒಬ್ಬರಲ್ಲಿಯೇ ಇರಬೇಕೆಂಬ ವಾಡಿಕೆಯನ್ನು ಬಿಡಬೇಕು. ಬೇಲಿಯೇ ಎದ್ದು ಹೊಲ ಮೇಯದಿರಲು ಇದಕ್ಕಿಂತ ಬೇರೆ ಉಪಾಯವಿಲ್ಲ. ಪ್ರಾಮಾಣಿಕರಾದ ಅಧ್ಯಕ್ಷರಿಗೆ ಇದರಿಂದ ಅವಮಾನವಿಲ್ಲ. ಅಪವಾದದಿಂದ ರಕ್ಷಣೆಯೇ ಉಂಟು.

ಐದನೆಯದಾಗಿ, ಬೀಗವನ್ನು ಹೊಸದಾಗಿ ಮಾಡುತ್ತೀರೋ, ಪರೀಕ್ಷಿತವಾದುದನ್ನು ತರುತ್ತೀರೋ ಎಂದು ಕೇಳಬೇಕು. ಸಣ್ಣ ಸಂಘಕ್ಕೆ ತಾನೇ ಬೀಗ ಎರಕಹೊಯ್ಯುವ ಅಗತ್ಯವಿಲ್ಲ. ಬಹುಕಾಲ ಪರೀಕ್ಷೆಗೊಳಗಾದ ಸಿದ್ಧ ವ್ಯವಸ್ಥೆಗಳನ್ನು ಜೋಡಿಸಿಕೊಳ್ಳುವುದೇ ಮೇಲು. ಪಾಸ್‌ಕೀ ಎಂಬ ಹೊಸ ಕ್ರಮವೂ ೨೦೨೨ರಿಂದೀಚೆಗೆ ಸಾಮಾನ್ಯ ಫೋನುಗಳಲ್ಲಿ ಹರಡುತ್ತಿದೆ. ಇದರಲ್ಲಿ ರೈತನು ತನ್ನ ಫೋನನ್ನು ತೆರೆಯುವಂತೆಯೇ ಬೆರಳಿಟ್ಟರಾಯಿತು. ಬೆರಳಚ್ಚು ಫೋನಿನಿಂದ ಹೊರಗೆ ಹೋಗುವುದಿಲ್ಲ, ಫೋನು ಮಾಡಿದ ಗಣಿತದ ರುಜು ಮಾತ್ರ ಹೋಗುತ್ತದೆ. ಹೇಳಿಕೊಡತಕ್ಕ ಗುಪ್ತ ಪದವೇ ಇಲ್ಲವಾದ್ದರಿಂದ ಮೋಸದಿಂದ ಕೇಳಿ ತಿಳಿಯುವುದಕ್ಕೂ ಎಡೆಯಿಲ್ಲ. ಸದಸ್ಯರ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಕೇಂದ್ರ ಸರ್ಕಾರದವರು ೨೦೨೩ರಲ್ಲಿ ಕಾನೂನನ್ನೇ ಮಾಡಿರುವುದರಿಂದ, ಬೇಕಿಲ್ಲದ ಆಧಾರ್ ಪ್ರತಿಗಳನ್ನು ಕೂಡಿಹಾಕಿಕೊಳ್ಳದಿರುವುದೂ ಸಂಘಗಳ ಜಾಣತನವೆನಿಸುತ್ತದೆ.

ಬಾಗಿಲಿನ ಹೊರಗೆ ಉಳಿಯತಕ್ಕವರು

ಬಾಗಿಲು ಭದ್ರವಾದಷ್ಟೂ ಒಳ್ಳೆಯದೆಂದು ಇಷ್ಟರಿಂದ ಯಾರಾದರೂ ತೀರ್ಮಾನಿಸಿದರೆ ಅದು ಅರ್ಧ ಸತ್ಯ ಮಾತ್ರ. ಕಳ್ಳನನ್ನು ತಡೆಯತಕ್ಕ ಬಾಗಿಲು ಮನೆಯ ಯಜಮಾನನನ್ನೇ ಹೊರಗೆ ನಿಲ್ಲಿಸಿದರೆ ಅದನ್ನು ಒಳ್ಳೆಯ ಬಾಗಿಲೆನ್ನುವವರಾರು? ಕುರುಗೋಡು, ಸಿರುಗುಪ್ಪಗಳ ಹೊಲಗಳಲ್ಲಿ ಮೆಣಸಿನಕಾಯಿಯನ್ನೂ ಹತ್ತಿಯನ್ನೂ ವರ್ಷಗಟ್ಟಲೆ ಬಿಡಿಸಿದ ಕೈಗಳ ಬೆರಳ ಗೆರೆಗಳು ಸವೆದಿರುತ್ತವೆ. ಯಂತ್ರವು ಅವುಗಳನ್ನು ಗುರುತಿಸಲು ಹಿಂಜರಿಯುತ್ತದೆ. ಅತ್ಯಂತ ಹೆಚ್ಚು ದುಡಿದವರನ್ನೇ ಯಂತ್ರವು ಅತ್ಯಂತ ಹೆಚ್ಚಾಗಿ ಸಂಶಯಿಸುತ್ತದೆಂಬುದು ವ್ಯಸನದ ಸಂಗತಿ. ಆಧಾರ್ ಸಂಬಂಧವಾಗಿ ಸರ್ವೋಚ್ಚ ನ್ಯಾಯಾಲಯವು ೨೦೧೮ನೆಯ ಸೆಪ್ಟೆಂಬರ್ ೨೬ರಂದು ಕೊಟ್ಟ ತೀರ್ಪಿನಲ್ಲಿ, ದೃಢೀಕರಣವು ವಿಫಲವಾಯಿತೆಂಬ ಕಾರಣಕ್ಕೆ ಅರ್ಹನಾದವನಿಗೆ ಸವಲತ್ತು ತಪ್ಪಕೂಡದೆಂಬ ಅಂಶವು ಸ್ಪಷ್ಟವಾಗಿದೆ. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ನೆನೆಯತಕ್ಕ ವಿಷಯ. ಆದುದರಿಂದ ಯಾವ ಆಪಿನಲ್ಲಿಯೇ ಆಗಲಿ ಬೆರಳು ಸಲ್ಲದವನಿಗೆ ಕಣ್ಣಿನ ಪಾಪೆ ಅಥವಾ ಮುಖಚಹರೆ, ಅದೂ ಸಲ್ಲದಿದ್ದರೆ ಅಧಿಕಾರಿಯು ಕಣ್ಣಾರೆ ಕಂಡು ಬರೆದುಕೊಡತಕ್ಕ ಅವಕಾಶ, ಹೀಗೆ ಎರಡನೆಯ ಮೂರನೆಯ ಬಾಗಿಲುಗಳು ಇರಲೇಬೇಕು.

ಕೋರಿಗೂ ಗುತ್ತಿಗೆಗೂ ಮಾಡತಕ್ಕವರ ಸ್ಥಿತಿಯು ಇನ್ನೂ ಕಠಿಣವಾದುದು. ಪಹಣಿಯು ಮಾಲಿಕನ ಹೆಸರಿನಲ್ಲಿ, ಬೆವರು ಮತ್ತೊಬ್ಬನದು. ಬೆಂಬಲ ಬೆಲೆಯ ಬಾಗಿಲು ಮಾಲಿಕನ ಸಂಖ್ಯೆಗೇ ತೆರೆಯುತ್ತದೆ, ಹಣವೂ ಮಾಲಿಕನ ಖಾತೆಗೇ ಬೀಳುತ್ತದೆ. ಇದನ್ನು ಲಾಗಿನ್ ವ್ಯವಸ್ಥೆಯಿಂದ ಸರಿಪಡಿಸಲಾಗದು; ಮಾಲಿಕರ ಧರ್ಮಬುದ್ಧಿಯೇ ಇಲ್ಲಿ ಬೀಗದ ಕೈ. ಸಮೀಕ್ಷೆಯ ಹೊತ್ತಿನಲ್ಲಿ ಸಾಗುವಳಿದಾರನನ್ನು ಹೊಲದಲ್ಲಿ ನಿಲ್ಲಿಸಿಕೊಂಡು ಬೆಳೆಯನ್ನು ನಮೂದಿಸುವುದು, ಖಾತೆಗೆ ಬಿದ್ದ ಪರಿಹಾರದ ಮತ್ತು ವಿಕ್ರಯದ ಹಣದ ಲೆಕ್ಕವನ್ನು ಅವನಿಗೆ ತೋರಿಸುವುದು, ಭೂಮಾಲಿಕರಾದವರು ಮಾಡತಕ್ಕ ಕನಿಷ್ಠ ಕರ್ತವ್ಯ.

ಒಂದು ಆಕ್ಷೇಪಣೆ

ಇಷ್ಟೆಲ್ಲ ತೊಡಕುಗಳೇಕೆ, ಓದು ಬಾರದ ರೈತನಿಗೆ ಊರಿನ ಪ್ರಮುಖರು ಸಹಾಯ ಮಾಡದಿದ್ದರೆ ಅವನ ಕೆಲಸ ಕೆಡುವುದಿಲ್ಲವೇ ಎಂದು ಕೆಲವರು ಹೇಳಬಹುದು. ಈ ಮಾತಿನಲ್ಲಿ ತಥ್ಯವುಂಟು. ಸಹಾಯವು ಬೇಕೇ ಬೇಕು. ಆದರೆ ಸಹಾಯ ಮಾಡುವುದು ಬೇರೆ, ಬೀಗದ ಕೈ ಇಟ್ಟುಕೊಳ್ಳುವುದು ಬೇರೆ. ಈ ಭೇದವನ್ನು ಪಿಎಂ-ಕಿಸಾನ್ ಯೋಜನೆಯ ವ್ಯವಸ್ಥೆಯಲ್ಲಿ ಚೆನ್ನಾಗಿ ಕಾಣಬಹುದು. ವರ್ಷಕ್ಕೆ ೬,೦೦೦ ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಕೊಡತಕ್ಕ ಈ ಯೋಜನೆಯಲ್ಲಿ ಗುರುತಿನ ದೃಢೀಕರಣಕ್ಕೆ ಮೊದಲು ಒ.ಟಿ.ಪಿ. ಮತ್ತು ಬೆರಳಚ್ಚು ಮಾತ್ರ ಇದ್ದವು. ೨೦೨೩ನೆಯ ಜೂನ್ ತಿಂಗಳಲ್ಲಿ ಮುಖಚಹರೆಯ ಕ್ರಮವು ಸೇರಿತು. ಅದರಂತೆ ಫೋನು ಇರುವ ಒಬ್ಬ ರೈತನು ತನ್ನ ಆಪಿನಿಂದಲೇ ೧೦೦ ಮಂದಿ ಇತರ ರೈತರವರೆಗೆ, ಸರ್ಕಾರಿ ಅಧಿಕಾರಿಯಾದರೆ ೫೦೦ ಮಂದಿಯವರೆಗೆ, ಅವರ ಮನೆಬಾಗಿಲಿನಲ್ಲಿಯೇ ಈ ಕೆಲಸವನ್ನು ಮಾಡಿಸಿಕೊಡಬಹುದು. ಇಲ್ಲಿ ಫೋನು ಸಹಾಯಕನದು, ಆದರೆ ಮುಖವು ರೈತನದೇ. ಅವನು ಎದುರಿಗೆ ಇಲ್ಲದೆ ಬಾಗಿಲು ತೆರೆಯಲಾರದು. ಊರಿನ ಉಪಕಾರಿಗಳಿಗೆ ಇದೇ ಮೇಲ್ಪಂಕ್ತಿಯಾಗಬೇಕು.

ಮುಖಂಡರು ಮಾಡತಕ್ಕದ್ದು

ಗ್ರಾಮದ ಮುಖಂಡರು ವರ್ಷಕ್ಕೆ ಎರಡು ಸಲ, ಮುಂಗಾರು ಮತ್ತು ಹಿಂಗಾರು ಬಿತ್ತನೆಗಳ ಮೊದಲು, ರೈತ ಸಂಪರ್ಕ ಕೇಂದ್ರದವರನ್ನೂ ಗ್ರಾಮ ಆಡಳಿತ ಅಧಿಕಾರಿಯನ್ನೂ ಕರೆಯಿಸಿ ಚಾವಡಿಯಲ್ಲೋ ಶಾಲೆಯಲ್ಲೋ ಒಂದು ದಿವಸ ಕೂರಿಸುವುದು ಕಷ್ಟದ ಕೆಲಸವಲ್ಲ. ಆ ದಿವಸ ಪ್ರತಿಯೊಬ್ಬ ರೈತನೂ, ಹೆಣ್ಣುಮಕ್ಕಳ ಹೆಸರಿನಲ್ಲಿ ಪಹಣಿಯಿದ್ದರೆ ಅವರೂ, ತಮ್ಮ ಹೆಸರಿಗೆ ಯಾವ ಮೊಬೈಲ್ ಸಂಖ್ಯೆ ಜೋಡಿಸಲ್ಪಟ್ಟಿದೆಯೆಂದು ನೋಡಿಕೊಳ್ಳಲಿ. ಬೇರೆಯವರದಿದ್ದರೆ ತಮ್ಮದನ್ನೋ ಮನೆಯವರದನ್ನೋ ಹಾಕಿಸಿಕೊಳ್ಳಲಿ. ಒ.ಟಿ.ಪಿ. ಬಂದಾಗ ಅದನ್ನು ಓದಿಹೇಳುವುದಕ್ಕೆ ಮುಂಚೆ, ಇದು ಯಾವ ಕೆಲಸಕ್ಕೆ ಬಂದಿದೆ ಎಂದು ಕೇಳುವ ಅಭ್ಯಾಸವನ್ನು ಮಾಡಿಸಬೇಕು. ಫೋನಿನಲ್ಲಿ ಅಧಿಕಾರಿಯೆಂದು ಹೇಳಿಕೊಂಡು ಒ.ಟಿ.ಪಿ. ಕೇಳುವವನು ಯಾರೇ ಆಗಲಿ ಮೋಸಗಾರನೆಂದು ತಿಳಿಯತಕ್ಕದ್ದು. ಹಣ ಹೋದುದು ಗೊತ್ತಾದೊಡನೆಯೇ ೧೯೩೦ ಎಂಬ ಸಂಖ್ಯೆಗೆ ದೂರು ಹೇಳಬೇಕು. ನಾಚಿಕೆಯಿಂದ ತಡಮಾಡಿದಷ್ಟೂ ಹಣವು ದೂರವಾಗುತ್ತದೆ. ತಮ್ಮ ಫೋನಿಗೆ ಊರಿನವರ ಹೆಸರುಗಳನ್ನು ಜೋಡಿಸಿಕೊಂಡಿರುವ ಪ್ರಮುಖರು ಅವುಗಳನ್ನು ಒಂದೊಂದಾಗಿ ಅವರವರಿಗೆ ಹಿಂದಿರುಗಿಸಿದರೆ ಮಿಕ್ಕವರಿಗೆ ಅದಕ್ಕಿಂತ ದೊಡ್ಡ ಬೋಧನೆ ಬೇಕಾಗುವುದಿಲ್ಲ.

ಹಿಂದಿನ ಕಾಲದಲ್ಲಿ ಊರಿನ ಹಿರಿಯನ ಗೌರವವು ಅವನ ಮನೆಯಲ್ಲಿ ಎಷ್ಟು ಜನರ ಕಾಗದಪತ್ರಗಳು ಇರುತ್ತಿದ್ದವೆಂಬುದರಿಂದ ಅಳೆಯಲ್ಪಡುತ್ತಿದ್ದಿರಬಹುದು. ಈಗ ಅದನ್ನು ಅಳೆಯತಕ್ಕದ್ದು, ಅವನ ಊರಿನಲ್ಲಿ ಎಷ್ಟು ಜನರು ತಮ್ಮ ಬಾಗಿಲನ್ನು ತಾವೇ ತೆರೆಯಬಲ್ಲರೆಂಬುದರಿಂದ. ಆಪುಗಳನ್ನು ಕಟ್ಟತಕ್ಕವರು ರೈತನ ಕೈಗೆ ಎಟುಕುವ ಬಾಗಿಲನ್ನು ಕಟ್ಟಲಿ. ಮುಖಂಡರು ಅವನ ಪಕ್ಕದಲ್ಲಿ ನಿಂತು ದಾರಿ ತೋರಿಸಲಿ. ಬೀಗದ ಕೈ ಮಾತ್ರ ರೈತನ ಉಡಿಯಲ್ಲಿಯೇ ಇರಲಿ.